ಗೈಡ್ ಆಗಲಿರುವ ಅಳಿಯನಿಗೆ

ಕೊಪ್ಪಳ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಆನೆಗೊಂದಿಗೆ ಬರುವ ವಿದೇಶಿ ಪ್ರವಾಸಿಗರಿಗಾಗಿ ನೀನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಹಾಳೆಗಳನ್ನು ಓದಿದೆ. ವ್ಯಾಕರಣ ಚೆನ್ನಾಗಿದೆ. ಆದರೆ ಗುಡಿಯೂ ಓಲ್ಡ್, ಕೋಟೆಯೂ ಓಲ್ಡ್, ಬಾಳೆನಾರಿನ ಬುಟ್ಟಿ ಹೆಣೆಯುವ ಅಜ್ಜಿಯೂ ಓಲ್ಡ್! ಕನ್ನಡದಲ್ಲಿ ಕೋಟೆಯನ್ನು ಹಳೆಯದು ಎನ್ನುವ ನೀನು ಅಜ್ಜಿಯನ್ನು ಹಾಗೆನ್ನುತ್ತೀಯಾ?

ಕಲ್ಲುಗಳಿಂದಲೇ ಶುರು ಮಾಡೋಣ. ಹಿರೇಬೆಣಕಲ್ಲಿನ ಗುಡ್ಡದ ಕಲ್ಲುಗೋರಿಗಳಿಗೆ ಪ್ರಿಹಿಸ್ಟಾರಿಕ್ ಎನ್ನು, ಅಂದರೆ ಬರೆದಿಟ್ಟ ಇತಿಹಾಸಕ್ಕಿಂತ ಹಿಂದಿನದು. ಅವುಗಳನ್ನು ಕಟ್ಟಿದವರು ಒಂದಕ್ಷರವನ್ನೂ ಬರೆದಿಟ್ಟಿಲ್ಲ. ನಮ್ಮ ಗವಿಮಠದ ಅಶೋಕನ ಶಾಸನ ಕ್ರಿ.ಪೂ. 3ನೆಯ ಶತಮಾನದ್ದು, ಅದಕ್ಕೆ ಏನ್ಶಿಯಂಟ್, ಅಂದರೆ ಪ್ರಾಚೀನ, ಒಪ್ಪುತ್ತದೆ. ವಿಜಯನಗರಕ್ಕೂ ಅದನ್ನೇ ಅಂಟಿಸಿದ್ದೀಯ. 1336ರಲ್ಲಿ ಹುಟ್ಟಿದ ರಾಜ್ಯವನ್ನು ಇತಿಹಾಸಕಾರರು ಮಿಡೀವಲ್, ಅಂದರೆ ಮಧ್ಯಯುಗದ್ದು, ಎನ್ನುತ್ತಾರೆ. ಕಟ್ಟಡಕ್ಕೆ ಆ ಪದ ಸರಿ. ಜನರ ನಡವಳಿಕೆಗೆ ಬಳಸಿದರೆ ಒರಟು, ಅನಾಗರಿಕ ಎಂಬ ಬೈಗುಳವಾಗುತ್ತದೆ. ಇಸವಿ ಗೊತ್ತಿದ್ದಲ್ಲಿ ವಿಶೇಷಣದ ಗೊಡವೆಯೇ ಬೇಡ. ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಇಷ್ಟು ಹೇಳಿದ ಮೇಲೆ ‘ವೆರಿ ಓಲ್ಡ್’ ಏಕೆ?

ಆಂಟಿಕ್ ಎಂಬುದನ್ನು ಮಾತ್ರ ಬಹಳ ಎಚ್ಚರದಿಂದ ಬಳಸು. ಅದು ವ್ಯಾಪಾರದ ಮಾತು. ಸಾಮಾನ್ಯವಾಗಿ ನೂರು ವರ್ಷ ದಾಟಿದ, ಕೊಳ್ಳುವವರಿರುವ ವಸ್ತುವಿಗೆ ಸಲ್ಲುತ್ತದೆ. ಗುಡಿಗೆ ಹೇಳಿದರೆ ಗುಡಿಯನ್ನೇ ಮಾರಾಟಕ್ಕಿಟ್ಟಂತೆ ಕೇಳಿಸುತ್ತದೆ. ಅಂಗಡಿಯ ಹಿತ್ತಾಳೆ ದೀಪವನ್ನು ಪ್ರವಾಸಿ ತೋರಿಸಿ ‘ಆಂಟಿಕ್?’ ಎಂದಾಗ ಅಂಗಡಿಯವನ ಮುಖ ನೋಡಿ ಹೂಂ ಎನ್ನಬೇಡ. ಅದು ಹೊಸದಾಗಿದ್ದರೆ ನಿನ್ನ ಮಾತು ಸುಳ್ಳು. ನಿಜವಾಗಿಯೂ ನೂರು ವರ್ಷದ್ದಾಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಆತ ಅದನ್ನು ದೇಶದಾಚೆಗೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾನೆ. ಇದರ ಮಗ್ಗುಲಲ್ಲೇ ಇರುವ ವಿಂಟೇಜ್ ದ್ರಾಕ್ಷಿ ಕೊಯ್ಲಿನಿಂದ, ವೈನ್‌ನಿಂದ ಬಂದ ಮಾತು. ಹಳೆಯ ಕಾರಿಗೆ, ಕ್ಯಾಮೆರಾಕ್ಕೆ ಮೆಚ್ಚುಗೆಯಿಂದ ಹೇಳುತ್ತಾರೆ. ಆನೆಗೊಂದಿಯಲ್ಲಿ ನಿನಗೆ ಅದರಿಂದ ಹೆಚ್ಚು ಕೆಲಸವಿಲ್ಲ.

ಹರಿಗೋಲನ್ನು ಆಂಟಿಕ್ವೇಟೆಡ್ ಎಂದು ಬರೆದದ್ದನ್ನು ಹೊಡೆದು ಹಾಕಿದ್ದೇನೆ. ನಿಘಂಟಿನಲ್ಲಿ ಉದ್ದನೆಯ ಪದ ಕಂಡು ಹಿಗ್ಗಿದೆಯೆಂದು ತೋರುತ್ತದೆ. ಕಾಲ ಮೀರಿದ್ದು, ಇಂದಿಗೆ ಒಗ್ಗದ್ದು ಎಂಬ ತಾತ್ಸಾರ ಅದರಲ್ಲಿದೆ. ಆಬ್ಸೊಲೀಟ್ ಕೂಡ ಬೇಡ. ಅದು ಬಳಕೆ ತಪ್ಪಿದ್ದಕ್ಕೆ. ತುಂಗಭದ್ರೆಯಲ್ಲಿ ಹರಿಗೋಲು ಇಂದಿಗೂ ತೇಲುತ್ತಿದೆಯಲ್ಲ! ಟ್ರೆಡಿಷನಲ್ ಎನ್ನು.

ಇನ್ನು ಮನುಷ್ಯರು. ಅಜ್ಜಿಯನ್ನು ಎಲ್ಡರ್ಲಿ ಎಂದರೆ ಮರ್ಯಾದೆ ಉಳಿಯುತ್ತದೆ. ಆದರೂ ಆಕೆಯ ಎದುರಿಗೇ ವಯಸ್ಸಿನ ಮಾತೇಕೆ, ಹೆಸರು ಹೇಳಿ ಕೈಕೆಲಸ ತೋರಿಸು. ‘ಎಲ್ಡರ್ ದ್ಯಾನ್ ಮಿ’ ಎಂದು ನಮ್ಮವರು ಧಾರಾಳವಾಗಿ ಬಳಸುತ್ತಾರೆ, ಅದು ತಪ್ಪು: ನಿನ್ನ ಅಕ್ಕ ಎಲ್ಡರ್ ಸಿಸ್ಟರ್, ಆದರೆ ನಿನಗಿಂತ ಓಲ್ಡರ್. ಕೊನೆಯ ಪುಟದಲ್ಲಿ ನನ್ನನ್ನು ‘ಮೈ ಓಲ್ಡ್ ಟೀಚರ್’ ಎಂದಿದ್ದೀಯ. ಹಿಂದೆ ಪಾಠ ಹೇಳಿದವರು ಎಂಬ ಅರ್ಥವೂ ಆ ಪದಕ್ಕಿರುವುದರಿಂದ ಸುಮ್ಮನಿದ್ದೇನೆ. ಅಲ್ಲಿ ಫಾರ್ಮರ್ (former), ಅಂದರೆ ಹಿಂದಿನ, ಎಂದು ತಿದ್ದು.

ಹಾಳೆಗಳನ್ನು ಮತ್ತೆ ಬರೆದು ಅಮಾವಾಸ್ಯೆಯೊಳಗೆ ಕಳಿಸು. ತಂಗಿಗೆ ನನ್ನ ಆಶೀರ್ವಾದ, ಭಾವನವರಿಗೆ ನಮಸ್ಕಾರ ತಿಳಿಸು.

ಇಂತು,
ನಿನ್ನ ಮಾವ