ಶಂಖದೊಳಗಿನ ಹುಲ್ಲೆಸಳು

ಮಾನ್ಯ ಸಂಪಾದಕರೇ,

ಒಳಗಿವಿಯ ನರಕ್ಕೆ ವಿದ್ಯುತ್ ಸಂಕೇತ ಕಳಿಸಿ ಕಿವುಡರಿಗೆ ಸದ್ದು ಕೇಳಿಸುವ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಎಂದೊಡನೆ ಅದರ ಬೆಲೆಯ ಚರ್ಚೆಯೇ ಮುಂದಾಗುತ್ತದೆ. ಅದಕ್ಕಾಗಿ ಬದುಕನ್ನೇ ತೇಯ್ದ ಆಸ್ಟ್ರೇಲಿಯಾದ ಶಸ್ತ್ರವೈದ್ಯ ಗ್ರೇಮ್ ಕ್ಲಾರ್ಕ್ ಅವರನ್ನೂ ನಮ್ಮ ಓದುಗರು ಅರಿಯಬೇಕು. ಔಷಧದಂಗಡಿ ನಡೆಸುತ್ತಿದ್ದ ತಂದೆ ಕಿವಿ ಮಂದವಾಗಿ ಪಡುತ್ತಿದ್ದ ಪಾಡನ್ನು ಕಂಡು ಬೆಳೆದ ಅವರು, ಒಳಗಿವಿಯ ಸುರುಳಿಗೆ ಹಾನಿಯಾಗದಂತೆ ವಿದ್ಯುದ್ವಾರಗಳ ಎಳೆಯನ್ನು ತೂರಿಸುವ ಬಗೆ ಕಾಣದೆ ಚಿಂತಿಸುತ್ತಿದ್ದಾಗ, 1977ರಲ್ಲಿ ಕಡಲತೀರವೊಂದರಲ್ಲಿ ಕುಳಿತು ಶಂಖದೊಳಕ್ಕೆ ಹುಲ್ಲೆಸಳನ್ನು ತಳ್ಳಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿಯಾಗಿದ್ದ ಎಸಳು ಸುರುಳಿಯ ಜಾಡು ಹಿಡಿದು ಸಲೀಸಾಗಿ ಒಳಸರಿಯಿತು. ಮರುವರ್ಷ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ಅವರು ತಮ್ಮ ಮೊದಲ ರೋಗಿಗೆ ಹಲವು ವಿದ್ಯುದ್ವಾರಗಳ ಮೂಲಕ ಬೇರೆ ಬೇರೆ ಸಂಕೇತ ಕಳಿಸುವ ಬಹುವಾಹಿನಿ ಸಾಧನ ಅಳವಡಿಸಿದರು. ಅಮೆರಿಕದ ಕಿವಿವೈದ್ಯ ವಿಲಿಯಂ ಹೌಸ್ 1961ರಲ್ಲೇ ಈ ದಾರಿ ತುಳಿದಿದ್ದರೆಂಬುದನ್ನು ಮರೆಯಬಾರದು. ಆದರೆ ಅವರ ಏಕವಾಹಿನಿ ಸಾಧನದಲ್ಲಿ ಸದ್ದು ಕೇಳಿಸುತ್ತಿತ್ತೇ ಹೊರತು, ತುಟಿಚಲನೆ ನೋಡದೆ ಮಾತು ತಿಳಿಯುವುದು ಬಹುತೇಕರಿಗೆ ಕಷ್ಟವಾಗಿತ್ತು.

– ಓದುಗ, ಮೈಸೂರು