ಮಿಥಿಕ್ ಆಗಲು ಹೊರಟ ಅಳಿಯನಿಗೆ

ಶಿಡ್ಲಘಟ್ಟ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಹಾಗೇ ಇದೆ. ಆದರೂ ನಿನಗೆ ಹುರಿಹಿಟ್ಟು ಮಾಡಿ ಕಳಿಸಬೇಕು ಅಂತ ಹಟ ಹಿಡಿದು ಕೂತಿದ್ದಾರೆ. ತುಮಕೂರಿಗೆ ಬರುವವರು ಯಾರಾದರೂ ಸಿಕ್ಕರೆ ಕೊಟ್ಟು ಕಳಿಸುತ್ತೇನೆ.

ನಿನ್ನ ಮೆಸೇಜು ಓದಿದೆ. ‘ಈ ತಿಂಗಳು ಮಿಥಿಕ್ ಆಗಲೇಬೇಕು ಅತ್ತೆ, ಇಲ್ಲಾಂದ್ರೆ ಆಟಾನೇ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯ. ಮ್ಯಾಜಿಕ್ ಕಾರ್ಡ್ ಆಟದ ಆನ್‌ಲೈನ್ ರೂಪವಾದ ಅರೆನಾದಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಈ ಮಿಥಿಕ್. ಫೋನಲ್ಲೇ ಉತ್ತರ ಕೊಡೋಣ ಅಂತ ಶುರು ಮಾಡಿದೆ. ಹೇಳುವುದು ಜಾಸ್ತಿ ಇತ್ತು, ಅದಕ್ಕೆ ಕಾಗದ ಹಿಡಿದೆ.

ಆಟ ಬಿಡಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯುಗಾದಿ ರಜೆಯಲ್ಲಿ ನನಗೆ ಮ್ಯಾಜಿಕ್ ಕಲಿಸಿದವನು ನೀನು. ಸ್ಟ್ಯಾಕ್ ಅಂದರೆ ಏನು, ಕೊನೆಯಲ್ಲಿ ಹಾಕಿದ ಕಾರ್ಡು ಮೊದಲು ಯಾಕೆ ನಡೆಯುತ್ತದೆ ಅಂತ ಎಷ್ಟು ಬಿಡಿಸಿ ಹೇಳಿದೆ! ಇಷ್ಟು ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಯಾರಿಗೆ ವಿಷಯ ಒಳಗೆ ಇಳಿದಿದೆ, ಯಾರು ಸುಮ್ನೆ ಬಾಯಿಪಾಠ ಒಪ್ಪಿಸುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ. ನಿನಗೆ ಈ ಆಟ ಒಳಗೆ ಇಳಿದಿದೆ. ಆದರೆ ನೀನು ಇಟ್ಟುಕೊಂಡಿರುವ ಗುರಿ ನನಗೆ ಸರಿ ಕಾಣುತ್ತಿಲ್ಲ.

ಒಂದು ಲೆಕ್ಕ ಮಾಡೋಣ. ಮಿಥಿಕ್‌ನ ಕೆಳಗೆ ಡೈಮಂಡ್, ಅದರ ಕೆಳಗೆ ಪ್ಲಾಟಿನಂ. ಪ್ಲಾಟಿನಂನಲ್ಲಿ ಒಂದು ಆಟ ಗೆದ್ದರೆ ಒಂದು ಮೆಟ್ಟಿಲು ಮೇಲೆ, ಸೋತರೆ ಒಂದು ಮೆಟ್ಟಿಲು ಕೆಳಗೆ. ನೂರಕ್ಕೆ ಐವತ್ತೈದು ಗೆಲ್ಲುವವನು ನಿಜಕ್ಕೂ ಒಳ್ಳೆ ಆಟಗಾರ. ಅವನು ನೂರು ಆಟ ಆಡಿದರೆ 55 ಮೆಟ್ಟಿಲು ಹತ್ತಿ 45 ಇಳಿಯುತ್ತಾನೆ. ಉಳಿಯುವುದು ಹತ್ತೇ ಮೆಟ್ಟಿಲು. ಪ್ಲಾಟಿನಂ ದಾಟಬೇಕು, ಆಮೇಲೆ ಡೈಮಂಡ್ ಪೂರ್ತಿ ಹತ್ತಬೇಕು, ಅದೂ ತಿಂಗಳ ಕೊನೆಯೊಳಗೆ. ಹೊಸ ಸೀಸನ್ ಬಂತು ಅಂದರೆ ರ್‍ಯಾಂಕು ಒಂದಷ್ಟು ಕೆಳಗಿಳಿಯುತ್ತದೆ, ಅಲ್ಲಿಂದ ಮತ್ತೆ ಹತ್ತಬೇಕು. ಹಾಗಾಗಿ ಈ ತಿಂಗಳು ಮಿಥಿಕ್ ಆಗುತ್ತೀಯೋ ಇಲ್ಲವೋ ಅನ್ನುವುದು ನೀನು ಎಷ್ಟು ಹೊತ್ತು ಫೋನ್ ಹಿಡಿದು ಕೂರುತ್ತೀಯ ಅನ್ನುವುದರ ಮೇಲೇ ಜಾಸ್ತಿ ನಿಂತಿದೆ. ನಿನಗೆ ಕ್ಲಾಸಿದೆ, ಲ್ಯಾಬಿದೆ, ಇಂಟರ್ನಲ್ಸ್ ಇದೆ. ಆ ಗುರಿ ನಿನ್ನನ್ನು ಜಾಸ್ತಿ ಆಡಿಸುತ್ತದೆ, ಚೆನ್ನಾಗಿ ಆಡಿಸುವುದಿಲ್ಲ. ರಾತ್ರಿ ಒಂದು ಗಂಟೆಗೆ ‘ಇನ್ನೊಂದೇ ಆಟ’ ಅಂತ ಒತ್ತಿಸುವುದು ಅದೇ.

ನಿಮ್ಮ ತಾತ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುತ್ತಿದ್ದ ಕಾಲ ನಿನಗೆ ನೆನಪಿರಲಾರದು. ಇಲ್ಲಿನ ಗೂಡಿನ ಮಾರ್ಕೆಟ್‌ಗೆ ಬೆಳಗ್ಗೆಯೇ ಹೋಗುತ್ತಿದ್ದರು. ಲಾಟಿನೊಳಗೆ, ಅಂದರೆ ಹರಾಜಿಗಿಟ್ಟ ಗೂಡಿನ ರಾಶಿಯೊಳಗೆ, ಕೈ ಹಾಕಿ ಒಂದೆರಡು ಗೂಡು ಎತ್ತಿ ಹಿಸುಕುವುದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಆಮೇಲೇ ಹರಾಜು ಕೂಗುವುದು. ಮನೆಗೆ ಬಂದರೆ ಅವರದೊಂದು ಉದ್ದನೆ ಲೆಕ್ಕದ ಪುಸ್ತಕ. ಅದರಲ್ಲಿ ಲಾಭಕ್ಕಿಂತ ಮೊದಲು ಬರೆಯುತ್ತಿದ್ದದ್ದು ರೆಂಡಿಟಾ. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂದರೆ ರೆಂಡಿಟಾ ಏಳು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ನೂಲಿನ ರೇಟು ಏರಿದ ದಿನ ಕೆಟ್ಟ ಗೂಡು ತಂದಿದ್ದರೂ ದುಡ್ಡು ಬರುತ್ತಿತ್ತು. ರೇಟು ಬಿದ್ದ ದಿನ ಒಳ್ಳೆ ಗೂಡು ತಂದಿದ್ದರೂ ನಷ್ಟ. ತಾತ ಎರಡನ್ನೂ ಬೆರೆಸುತ್ತಿರಲಿಲ್ಲ. ‘ರೇಟು ನನ್ನ ಕೈಲಿಲ್ಲ, ಲಾಟು ಆರಿಸೋದು ನನ್ನ ಕೈಲಿದೆ’ ಅನ್ನುತ್ತಿದ್ದರು. ಕೆಟ್ಟ ಲಾಟಿನಿಂದ ಲಾಭ ಬಂದ ದಿನವೂ ಆ ಲಾಟಿನ ಎದುರು ಒಂದು ಗೀಟು ಎಳೆಯುತ್ತಿದ್ದರು. ಮುಂದಿನ ಸಲ ಅದೇ ಊರಿನ ಗೂಡು ಕಂಡರೆ ಆ ಗೀಟು ನೆನಪಾಗುತ್ತಿತ್ತು.

ನಿನಗೂ ಒಂದು ರೆಂಡಿಟಾ ಬೇಕು ಕಣೋ. ಗೆದ್ದೆಯಾ ಸೋತೆಯಾ ಅನ್ನುವುದಲ್ಲ, ನಿನ್ನ ಕೈಲಿದ್ದದ್ದನ್ನು ಸರಿಯಾಗಿ ಮಾಡಿದೆಯಾ ಅನ್ನುವ ಲೆಕ್ಕ. ತಿಂಗಳಿಗೆ ಒಂದೇ ವಿಷಯ ಹಿಡಿ. ಈ ತಿಂಗಳದ್ದು ನಾನೇ ಹೇಳುತ್ತೇನೆ: ಮೊದಲ ಏಳು ಕಾರ್ಡು.

ಯಾಕೆ ಅಂದರೆ, ಕಳೆದ ಸಲ ನೀನು ಇಲ್ಲಿ ಹಾಲ್‌ನಲ್ಲಿ ಕೂತು ಆಡುತ್ತಿದ್ದಾಗ ಪಕ್ಕದಲ್ಲಿ ನೋಡುತ್ತಿದ್ದೆ. ಕೈಯಲ್ಲಿ ಎರಡು ಲ್ಯಾಂಡು (ಬೇರೆ ಕಾರ್ಡು ಆಡಲು ಶಕ್ತಿ ಕೊಡುವ ಕಾರ್ಡು), ಎರಡು ಅಗ್ಗದ ಕ್ರೀಚರ್ (ಕಾದಾಡುವ ಕಾರ್ಡು), ಜಾಸ್ತಿ ಲ್ಯಾಂಡು ಕೇಳುವ ಮೂರು ದುಬಾರಿ ಕಾರ್ಡು. ಮೊದಲ ಟರ್ನು ನಿನ್ನದು. ಕಣ್ಣು ಮಿಟುಕಿಸುವಷ್ಟರಲ್ಲಿ, ಈ ಕೈಯೇ ಇರಲಿ ಅಂತ ಕೀಪ್ ಒತ್ತಿದೆ. ಮೂರನೇ ಲ್ಯಾಂಡು ಬರಲೇ ಇಲ್ಲ. ‘ಥೂ, ನನ್ನ ಲಕ್ಕೇ ಸರಿಯಿಲ್ಲ’ ಅಂದೆ. ಆಮೇಲೆ ನಾನು ಪೆನ್ನು ಹಿಡಿದು ಲೆಕ್ಕ ಮಾಡಿದೆ. ನಿನ್ನ ಡೆಕ್‌ನ 60 ಕಾರ್ಡಿನಲ್ಲಿ ಲ್ಯಾಂಡು 24. ಎರಡು ಕೈಯಲ್ಲಿದ್ದರೆ ಉಳಿದ 53 ಕಾರ್ಡಿನಲ್ಲಿ 22 ಲ್ಯಾಂಡು. ಮೊದಲು ಆಡುವವನು ಮೊದಲ ಟರ್ನಿನಲ್ಲಿ ಕಾರ್ಡು ಎಳೆಯುವುದಿಲ್ಲ. ಹಾಗಾಗಿ ಮೂರನೇ ಟರ್ನಿನ ಹೊತ್ತಿಗೆ ನೀನು ಎಳೆದಿರುವುದು ಎರಡೇ ಕಾರ್ಡು. ಅದರಲ್ಲಿ ಒಂದಾದರೂ ಲ್ಯಾಂಡು ಬರುವ ಸಾಧ್ಯತೆ ಶೇ. 66. ಅಂದರೆ ಮೂರು ಸಲ ಇಂಥ ಕೈ ಇಟ್ಟುಕೊಂಡರೆ ಹೆಚ್ಚುಕಮ್ಮಿ ಒಂದು ಸಲ ಮೂರನೇ ಟರ್ನಿನಲ್ಲೇ ಕೈ ಕಟ್ಟಿ ಕೂರಬೇಕು. ಅದೇ ಕೈ, ಎರಡನೆಯವನಾಗಿ ಆಡಿದ್ದರೆ ಎಳೆಯುವುದು ಮೂರು ಕಾರ್ಡು, ಸಾಧ್ಯತೆ ಶೇ. 81. ಕಾರ್ಡುಗಳು ಒಂದೇ. ಯಾರು ಮೊದಲು ಅನ್ನುವುದೊಂದು ಬದಲಾದರೆ ತೀರ್ಮಾನವೂ ಬದಲಾಗಬಹುದು, ಅಲ್ವಾ? ನೀನು ಯಾರು ಮೊದಲು ಅಂತ ನೋಡಿಯೂ ಇರಲಿಲ್ಲ.

ಆ ಕೈ ಇಟ್ಟುಕೊಂಡದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ದುಬಾರಿ ಕಾರ್ಡಿನ ಜಾಗದಲ್ಲಿ ಇನ್ನೆರಡು ಅಗ್ಗದ ಕಾರ್ಡು ಇದ್ದಿದ್ದರೆ ನಾನೂ ಇಟ್ಟುಕೊಳ್ಳುತ್ತಿದ್ದೆ. ನೀನು ಯೋಚನೆಯನ್ನೇ ಮಾಡಲಿಲ್ಲ ಅನ್ನುವುದು ನನ್ನ ಮಾತು. ಬಂದ ಕೈ ವಾಪಸ್ ಹಾಕಿ ಹೊಸದು ಎಳೆಯುವ ಮಲ್ಲಿಗನ್ ಅಂದರೆ ನಿನಗೆ ಯಾಕೋ ಹೆದರಿಕೆ. 2019ರಲ್ಲಿ ನಿಯಮ ಬದಲಾದ ಮೇಲೆ ಅದು ಅಷ್ಟು ದುಬಾರಿಯಲ್ಲ. ಮತ್ತೆ ಏಳು ಕಾರ್ಡು ಎಳೆದು, ಬೇಡವಾದ ಒಂದನ್ನು ಡೆಕ್ ಅಡಿಗೆ ಸೇರಿಸುತ್ತೀಯ. ಏಳರಲ್ಲಿ ಆರನ್ನು ಆರಿಸಿಕೊಳ್ಳುವ ಅವಕಾಶ ಚಿಕ್ಕದಲ್ಲ.

ಹಾಗಾಗಿ ಈ ತಿಂಗಳು ಪ್ರತಿ ಆಟದಲ್ಲೂ ಕೀಪ್ ಒತ್ತುವ ಮೊದಲು ಮನಸ್ಸಿನಲ್ಲಿ ಒಂದು ವಾಕ್ಯ ಹೇಳಿಕೋ: ‘ನನ್ನ ಮೊದಲ ಮೂರು ಟರ್ನು ಹೀಗೆ ನಡೆಯುತ್ತದೆ.’ ವಾಕ್ಯ ಪೂರ್ತಿ ಮಾಡಲು ಆಗದಿದ್ದರೆ ಆ ಕೈ ವಾಪಸ್. ಆಟ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆ. ಯಾವ ಕೈ, ಮೊದಲೋ ಎರಡನೆಯದೋ, ಇಟ್ಟುಕೊಂಡೆಯೋ ಇಲ್ಲವೋ, ಈಗ ಮತ್ತೆ ಅದೇ ಕೈ ಬಂದರೆ ಏನು ಮಾಡುತ್ತೀಯ. ಗೆದ್ದ ಆಟಕ್ಕೂ ಬರೆಯಬೇಕು. ಗೆದ್ದಾಗ ಆದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದಿನ ತಿಂಗಳು ಬೇರೆ ವಿಷಯ ಹಿಡಿಯೋಣ. ಎದುರುಬದುರಾದ ಎರಡು ಡೆಕ್‌ಗಳಲ್ಲಿ ಆತುರ ಮಾಡಬೇಕಾದವರು ಯಾರು, ಕಾಯಬೇಕಾದವರು ಯಾರು ಅನ್ನುವುದು ನಿನಗಿನ್ನೂ ಗಟ್ಟಿಯಾಗಿಲ್ಲ. ಎದುರಾಳಿ ಎರಡು ನೀಲಿ ಲ್ಯಾಂಡು ಬಳಸದೆ ತೆರೆದಿಟ್ಟು ಸುಮ್ನೆ ಟರ್ನು ಬಿಟ್ಟರೆ ಅವನ ಕೈಲಿ ನಿನ್ನನ್ನು ತಡೆಯುವಂಥದ್ದು ಏನೋ ಇದೆ ಅಂತ ಲೆಕ್ಕ. ಅದನ್ನು ಆಗ ನೋಡೋಣ.

ಈಗ ಡೆಕ್ ವಿಷಯ. ಒಂದೇ ವಾರದಲ್ಲಿ ಮೂರು ಡೆಕ್ ಬದಲಾಯಿಸಿದೆ ಅಂತ ನೀನೇ ಹೇಳಿದೆ. ಕೆಂಪು ಡೆಕ್‌ನಲ್ಲಿ ಇಪ್ಪತ್ತು ಆಟಕ್ಕೆ ಎಂಟೇ ಗೆಲುವು ಬಂತು, ಅದು ದಂಡ. ಇನ್ನೊಂದರಲ್ಲಿ ಹನ್ನೆರಡು ಬಂತು, ಅದು ಒಳ್ಳೆಯದು ಅಂತ. ಅಯ್ಯೋ ಪುಟ್ಟಾ, ಒಂದು ರೂಪಾಯಿ ನಾಣ್ಯ ಇಪ್ಪತ್ತು ಸಲ ಚಿಮ್ಮಿದರೆ ಹನ್ನೆರಡು ಅಥವಾ ಅದಕ್ಕಿಂತ ಜಾಸ್ತಿ ಹೆಡ್ ಬೀಳುವ ಸಾಧ್ಯತೆ ನಾಲ್ಕರಲ್ಲೊಂದು. ಎಂಟು ಅಥವಾ ಕಡಿಮೆ ಬೀಳುವುದೂ ಅಷ್ಟೇ. ನಾಣ್ಯಕ್ಕೆ ಆಟ ಬರುವುದಿಲ್ಲ. ನೂರು ಆಟ ಆಡಿದ ಮೇಲೂ ಗೆಲುವಿನ ಶೇಕಡಾವಾರು ಹತ್ತು ಆ ಕಡೆ ಈ ಕಡೆ ತೂಗಾಡುತ್ತಿರುತ್ತದೆ. ಇಪ್ಪತ್ತು ಆಟ ನೋಡಿ ಡೆಕ್ ಎಸೆಯುವುದು ಬರೀ ಗದ್ದಲಕ್ಕೆ ಕಿವಿ ಕೊಟ್ಟ ಹಾಗೆ. ಅದರ ಬದಲು ನಿನ್ನ ನೋಟ್‌ಬುಕ್ ನೋಡು. ಹತ್ತು ಸಾಲಿನಲ್ಲಿ ಆರು ಸಲ ‘ಎರಡನೇ ಬಣ್ಣದ ಲ್ಯಾಂಡು ಬರಲಿಲ್ಲ’ ಅಂತ ಇದ್ದರೆ ಡೆಕ್‌ನಲ್ಲಿ ತಿದ್ದುವುದಿದೆ. ‘ಆತುರಪಟ್ಟು ಅಟ್ಯಾಕ್ ಮಾಡಿದೆ’ ಅಂತ ಇದ್ದರೆ ತಿದ್ದಬೇಕಾದದ್ದು ಡೆಕ್ ಅಲ್ಲ.

ಒಂದು ಸೀಸನ್‌ಗೆ ಒಂದೇ ಡೆಕ್ ಇಟ್ಟುಕೋ. ಬೇಕಾದ ಕಾರ್ಡು ಪಡೆಯಲು ಖರ್ಚು ಮಾಡುವ ನಿನ್ನ ವೈಲ್ಡ್‌ಕಾರ್ಡಿಗೂ ಅದೇ ಕ್ಷೇಮ. ಅರೆನಾದಲ್ಲಿ ಕಾರ್ಡು ಮಾರಲೂ ಆಗದು, ಬದಲಾಯಿಸಿಕೊಳ್ಳಲೂ ಆಗದು. ಒಮ್ಮೆ ಖರ್ಚಾದ ರೇರ್ ವೈಲ್ಡ್‌ಕಾರ್ಡು, ಆ ಕಾರ್ಡು ಬ್ಯಾನ್ ಆದರೆ ಬಿಟ್ಟು, ವಾಪಸ್ ಬರುವುದಿಲ್ಲ.

ಅಭ್ಯಾಸಕ್ಕೆ ರ್‍ಯಾಂಕ್ ಏಣಿಯೊಂದೇ ಸಾಲದು. ಅಲ್ಲಿ ಯಾರು ಸಿಗುತ್ತಾರೋ ಅವರೊಂದಿಗೆ ಆಡುತ್ತೀಯ, ನಿನಗೆ ಕಷ್ಟವಾದ ಡೆಕ್ ಮತ್ತೆ ಸಿಗುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ನಿನ್ನ ರೂಮ್‌ಮೇಟ್ ಕೂಡ ಆಡುತ್ತಾನಲ್ಲ, ನೀವಿಬ್ಬರೇ ಆಡುವ ಹಾಗೆ ಡೈರೆಕ್ಟ್ ಚಾಲೆಂಜ್ ಹಾಕಿಕೊಳ್ಳಿ. ನಿನ್ನನ್ನು ಸೋಲಿಸುವ ಡೆಕ್ ಅವನು ಆಡಲಿ, ಐದಾರು ಆಟ ಆದ ಮೇಲೆ ಡೆಕ್ ಅದಲು ಬದಲು ಮಾಡಿಕೊಳ್ಳಿ. ಆ ಕಡೆ ಕೂತು ನೋಡಿದಾಗಲೇ ಅವರಿಗೆ ಯಾವುದರ ಹೆದರಿಕೆ ಇದೆ ಅಂತ ತಿಳಿಯುವುದು. ನಡುವೆ ನಿಲ್ಲಿಸಿ ಮಾತಾಡಿ. ‘ಇಲ್ಲಿ ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಅಂತ ಕೇಳು. ನನ್ನ ಪ್ರಕಾರ ಇಂಥ ಒಂದು ಗಂಟೆ, ಏಣಿ ಹತ್ತುವ ಮೂರು ಗಂಟೆಗಿಂತ ಮೇಲು.

ಇನ್ನೊಂದು, ಮೂರರಲ್ಲಿ ಎರಡು ಆಟ ಗೆದ್ದವನಿಗೆ ಮ್ಯಾಚು ಅನ್ನುವ ಬೆಸ್ಟ್ ಆಫ್ ತ್ರೀ ಆಡು. ಒಂದೇ ಆಟದ ಕ್ಯೂನಲ್ಲಿ ಅರೆನಾ ನಿನಗೆ ಮೊದಲ ಕೈ ಕೊಡುವಾಗ ಒಂದಕ್ಕಿಂತ ಹೆಚ್ಚು ಕೈ ನೋಡಿ, ಲ್ಯಾಂಡಿನ ಪ್ರಮಾಣ ಡೆಕ್‌ಗೆ ಹತ್ತಿರವಿರುವುದನ್ನು ಕೊಡುತ್ತದೆ. ಮೂರರ ಆಟದಲ್ಲಿ ಆ ಸಹಾಯ ಇಲ್ಲ. ಮೊದಲ ಕೈ ಕಲಿಯಬೇಕಾದರೆ ಅಲ್ಲೇ ಕಲಿಯಬೇಕು. ಅಲ್ಲಿ ಆಟಗಳ ನಡುವೆ ಡೆಕ್‌ನ ಕಾರ್ಡು ಬದಲಿಸಿಕೊಳ್ಳಲು 15 ಕಾರ್ಡಿನ ಸೈಡ್‌ಬೋರ್ಡೂ ಇದೆ. ಯಾವ ಡೆಕ್ ಎದುರು ಏನು ಒಳಗೆ, ಏನು ಹೊರಗೆ ಅಂತ ಮೊದಲೇ ಬರೆದಿಟ್ಟುಕೋ. ಒಳಗೆ ಏನು ತರಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಏನನ್ನು ತೆಗೆಯಬೇಕು ಅನ್ನುವುದೇ ಕಷ್ಟ.

ಎರಡು ಮ್ಯಾಚು ಒಂದರ ಮೇಲೊಂದು ಸೋತರೆ ಅವತ್ತಿಗೆ ಮುಗಿಸು. ಹನ್ನೊಂದರ ಮೇಲೆ ಫೋನು ಮುಟ್ಟಬೇಡ. ಇದರಲ್ಲಿ ಚರ್ಚೆ ಇಲ್ಲ.

ಕೊನೆಗೆ ಅಪ್ಪನ ವಿಷಯ. ನಿನ್ನ ಅಪ್ಪ ನನ್ನ ಅಣ್ಣ, ಅವನ ಸ್ವಭಾವ ನನಗೆ ಗೊತ್ತು. ‘ಮಗ ಕಾರ್ಡ್ಸ್ ಆಡುತ್ತಾನೆ’ ಅಂತ ಕೇಳಿದರೆ ಅವನ ತಲೆಗೆ ಬರುವುದು ಇಸ್ಪೀಟು, ರಮ್ಮಿ ಆ್ಯಪು. ಆ ಆ್ಯಪುಗಳಿಂದ ಮನೆ ಕಳೆದುಕೊಂಡವರನ್ನು ಅವನು ಕಂಡಿದ್ದಾನೆ, ಹೆದರುವುದು ಸಹಜ. ಅವನಿಂದ ಮುಚ್ಚಿಡಬೇಡ. ತಿಳಿಸಿ ಹೇಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿದೆ ಅಂತ ಹೇಳು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಹಾರ್ತ್‌ಸ್ಟೋನ್ ಅನ್ನುವ ಇಂಥದ್ದೇ ಕಾರ್ಡ್ ಆಟ ಪ್ರದರ್ಶನ ಕ್ರೀಡೆಯಾಗಿತ್ತು, ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಅದರಲ್ಲಿ ಕಂಚು ಗೆದ್ದರು ಅಂತ ಹೇಳು. ಪದಕಪಟ್ಟಿಗೆ ಅದು ಸೇರಲಿಲ್ಲ ಅನ್ನುವುದನ್ನೂ ಹೇಳು, ಅಪ್ಪನ ಹತ್ತಿರ ಅರ್ಧ ಸತ್ಯ ನಡೆಯುವುದಿಲ್ಲ. 1993ರಲ್ಲಿ ಮ್ಯಾಜಿಕ್ ತಂದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಈ ಒಂದು ಮಾತು ಅವನಿಗೆ ಹಿಡಿಸಬಹುದು.

ಆಟದೊಳಗೆ ಖರ್ಚು ಮಾಡುವ ಜೆಮ್ಸ್ ಕೊಳ್ಳಲು ಹಾಸ್ಟೆಲ್ ದುಡ್ಡು ಮುಟ್ಟುವುದು ಮಾತ್ರ ಇವತ್ತಿಗೇ ನಿಲ್ಲಲಿ. ದಿನದ ಕ್ವೆಸ್ಟು ಮಾಡಿದರೆ ಬರುವ ಗೋಲ್ಡಿನಲ್ಲಿ ಒಂದು ಡೆಕ್ ಕಟ್ಟಬಹುದು. ನಿಧಾನ ಆಗುತ್ತದೆ, ಆಗಲಿ. ಎಂಟ್ರಿ ಫೀ ಕಟ್ಟು, ಗೆದ್ದರೆ ಕ್ಯಾಶ್ ಅಂತ ಯಾರಾದರೂ ಗ್ರೂಪಿನಲ್ಲಿ ಲಿಂಕ್ ಕಳಿಸಿದರೆ ಮುಟ್ಟಬೇಡ, ಮೊದಲು ನನಗೆ ಕಳಿಸು.

ಭಾನುವಾರದೊಳಗೆ ನೋಟ್‌ಬುಕ್ಕಿನ ಫೋಟೊ ಬರಲಿ, ಸೋತದ್ದು ಗೆದ್ದದ್ದು ಎರಡೂ. ರಾತ್ರಿ ಎಂಟೂವರೆಗೆ ನನ್ನ ಅಡುಗೆ ಕೆಲಸ ಮುಗಿದಿರುತ್ತದೆ, ಚಾಲೆಂಜ್ ಹಾಕು, ಬೆಸ್ಟ್ ಆಫ್ ತ್ರೀ. ಆ ಕೆಂಪು ಡೆಕ್ಕನ್ನೇ ತಾ. ನಾನು ನೀಲಿ ಆಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ