ಸಾವಿರ ರೂಪಾಯಿ ವರಿಸಂಖ್ಯೆಯಲ್ಲಿ ಯೂನಿಟಿಗೆ ಸಿಕ್ಕಿದ್ದೆಷ್ಟು?

ಸಂಪಾದಕರಿಗೆ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಲ್ಯಾಬ್ ನಡೆಸುವವನು. ರಕ್ತ, ಮೂತ್ರ ಪರೀಕ್ಷೆ ನಮ್ಮ ಕೆಲಸ. ನಮ್ಮಂಥ ಟೆಕ್ನೀಷಿಯನ್‌ಗಳದ್ದೇ ಒಂದು ಸಂಘ ಇದೆ. ಮೊನ್ನೆ ಅದರ ರಾಜ್ಯ ಸಮಿತಿಯಿಂದ ಸುತ್ತೋಲೆ ಬಂತು, ಮಲಯಾಳದಲ್ಲಿ. ನಮ್ಮ ಯೂನಿಟಿನಲ್ಲಿ, ಅಂದರೆ ಸಂಘದ ಊರಿನ ಘಟಕದಲ್ಲಿ, ಮಲಯಾಳ ಮಾತಾಡಲು ಎಲ್ಲರಿಗೂ ಬರುತ್ತದೆ, ಓದಲು ಅರ್ಧ ಜನಕ್ಕೆ ಕಷ್ಟ. ಹಾಗಾಗಿ ಮೀಟಿಂಗಿನಲ್ಲಿ ನಾನೇ ಓದಿ ಹೇಳಿದೆ. ವರಿಸಂಖ್ಯೆ, ಅಂದರೆ ಸದಸ್ಯರು ಕಟ್ಟುವ ವರ್ಷದ ಶುಲ್ಕ, 300 ರೂಪಾಯಿ ಇದ್ದದ್ದು 1,000 ಆಗಿದೆ. ಜೂನ್ 30ರೊಳಗೆ ಕಟ್ಟಬೇಕು.

ಪೆರ್ಲದಿಂದ ಬಂದಿದ್ದ ಹಿರಿಯರೊಬ್ಬರು ಚಹಾದ ಗ್ಲಾಸ್ ಕೆಳಗಿಟ್ಟರು. "ಸಾವಿರ ಅಂದ್ರೆ ಇಪ್ಪತ್ತು ಶುಗರ್ ಟೆಸ್ಟ್ ಮಾರಾಯ್ರೇ" ಅಂದರು. ಅವರ ಲ್ಯಾಬಿಗೆ ದಿನಕ್ಕೆ ಬರುವುದೇ ಏಳೆಂಟು ಜನ.

ಏರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಸಂಘದಿಂದ ಉಪಕಾರ ಆಗಿದೆ. 2018ರಲ್ಲಿ ಕೇರಳದಲ್ಲಿ ಲ್ಯಾಬ್‌ಗಳೂ ನೋಂದಣಿ ಮಾಡಿಸಬೇಕೆನ್ನುವ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆ ಬಂದ ಮೇಲೆ ನೋಂದಣಿಯ ಅರ್ಜಿ ತುಂಬಲು ನಮಗೆ ಹೇಳಿಕೊಟ್ಟದ್ದು ಸಂಘದವರೇ. ಶುಲ್ಕ 300ರಲ್ಲೇ ನಿಂತು ಹನ್ನೊಂದು ವರ್ಷ ಆಯಿತು. ಅದರಲ್ಲಿ ನಾಲ್ಕು ವರ್ಷ ಯೂನಿಟಿನ ಖಜಾಂಚಿ ನಾನೇ. ಪ್ರತಿ ವರ್ಷ ಲೆಕ್ಕ ಓದಿ ಮುಗಿಸಿ "ಈ ಸಲವೂ ಶುಲ್ಕ ಏರಿಸಿಲ್ಲ" ಅನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಅಷ್ಟರಲ್ಲಿ ನಾವು ಸೇರುವ ಸಭಾಂಗಣದ ಬಾಡಿಗೆ 200 ಇದ್ದದ್ದು 600 ಆಗಿತ್ತು. ವರ್ಷಕ್ಕೆ ನಲವತ್ತೋ ಐವತ್ತೋ ಏರಿಸುತ್ತಾ ಬಂದಿದ್ದರೆ ಯಾರೂ ಗ್ಲಾಸ್ ಕೆಳಗಿಡುತ್ತಿರಲಿಲ್ಲ. ತಪ್ಪು ನನ್ನದೂ ಇದೆ.

ನನ್ನ ತಕರಾರು ಇರುವುದು ಹಂಚಿಕೆಯ ಮೇಲೆ. ಇಷ್ಟು ದಿನ 300ರಲ್ಲಿ ರಾಜ್ಯಕ್ಕೆ 150, ಜಿಲ್ಲೆಗೆ 75, ಯೂನಿಟಿಗೆ 75 ಇತ್ತು. ಈಗ ರಾಜ್ಯಕ್ಕೆ 700, ಜಿಲ್ಲೆಗೆ 225. ಯೂನಿಟಿಗೆ? ಅದೇ 75.

ಇದರ ಲೆಕ್ಕ ಸ್ವಲ್ಪ ನೋಡಿ. ನಮ್ಮ ಯೂನಿಟಿನಲ್ಲಿ 62 ಜನ ಇದ್ದೇವೆ. ಹಳೇ ದರದಲ್ಲಿ ನಮ್ಮಿಂದ ರಾಜ್ಯಕ್ಕೆ ಹೋಗುತ್ತಿದ್ದದ್ದು 9,300 ರೂಪಾಯಿ. ಹೊಸ ದರದಲ್ಲಿ ಬರೀ 14 ಜನ ಉಳಿದರೂ 9,800 ಹೋಗುತ್ತದೆ. ಅಂದರೆ 48 ಜನ ಸಂಘ ಬಿಟ್ಟರೂ ಮೇಲಿನವರ ಪೆಟ್ಟಿಗೆಗೆ ಏನೂ ಕಮ್ಮಿ ಆಗುವುದಿಲ್ಲ! ಇತ್ತ ಯೂನಿಟಿನಲ್ಲಿ 20 ಜನ ಬಿಟ್ಟರೂ ಸಾಕು, ನಮ್ಮ ಪಾಲು 4,650ರಿಂದ 3,150ಕ್ಕೆ ಇಳಿಯುತ್ತದೆ. ವರ್ಷಕ್ಕೆ ಆರು ಮೀಟಿಂಗ್, ಬಾಡಿಗೆಯೇ 3,600. ಚಹಾ ಮನೆಯಿಂದ ಫ್ಲಾಸ್ಕಿನಲ್ಲಿ ತರಬೇಕಾದೀತು. ಜನ ಬಿಟ್ಟು ಹೋದರೆ ನಷ್ಟ ಯಾರಿಗೋ ಅವರ ಕೈಯಲ್ಲಿ ತೀರ್ಮಾನ ಇಲ್ಲ ನೋಡಿ.

ಬಿಡುವವರು ಯಾರು ಅನ್ನುವುದೂ ಮುಖ್ಯ. ಸದಸ್ಯರೊಬ್ಬರು ತೀರಿಕೊಂಡರೆ ಉಳಿದವರು ತಲಾ 100 ಹಾಕಿ ಆ ಮನೆಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಇದು ವರಿಸಂಖ್ಯೆಯಿಂದ ಬೇರೆ. ಇದರ ಅಗತ್ಯ ಸದ್ಯಕ್ಕೆ ಬೀಳದು ಅಂದುಕೊಂಡಿರುವ ಸಣ್ಣ ಪ್ರಾಯದವರೇ ಮೊದಲು ಹೊರಗೆ ಹೋಗುವವರು. ಕುಂಬಳೆಯ ಕಡೆಯ ಇಬ್ಬರು ಆಗಲೇ ಹೇಳಿಯಾಗಿದೆ. ಮತ್ತೆ ಉಳಿಯುವುದು ಪ್ರಾಯದವರು. ನೂರು ಹಾಕುವ ಕೈ ಕಮ್ಮಿ, ಪಡೆಯುವ ಮನೆ ಜಾಸ್ತಿ.

ಸಾವಿರವೇ ಯಾಕೆ ಅಂತ ಸಮಿತಿಯವರಲ್ಲಿ ಫೋನಿನಲ್ಲಿ ಕೇಳಿದೆ. "ಅದಕ್ಕಿಂತ ಮೇಲೆ ಹೋದರೆ ಜಿಎಸ್‌ಟಿ ಬರುತ್ತದೆ" ಅಂದರು. ಲಾಭದ ಉದ್ದೇಶ ಇಲ್ಲದ ಇಂಥ ಸಂಘಗಳು ಸದಸ್ಯರಿಂದ ತಲಾ ವರ್ಷಕ್ಕೆ 1,000 ರೂಪಾಯಿವರೆಗೆ ತೆಗೆದುಕೊಳ್ಳುವ ಶುಲ್ಕಕ್ಕೆ ಆ ತೆರಿಗೆಯಿಂದ ವಿನಾಯಿತಿ ಇರುವುದು ನಿಜ. ಆದರೆ ಬೇಲಿ ಅಲ್ಲಿದೆ ಅಂತ ಬೇಲಿಯ ಬುಡದವರೆಗೂ ಅಗೆಯಬೇಕು ಅಂತ ಇದೆಯಾ?

ಇನ್ನು ಆಜೀವ ಸದಸ್ಯರ, ಅಂದರೆ ಒಮ್ಮೆಲೇ ಕಟ್ಟಿ ಮತ್ತೆ ವರ್ಷ ವರ್ಷ ಕಟ್ಟದವರ ವಿಷಯ. ಹಿಂದೊಮ್ಮೆ 2,000 ಕಟ್ಟಿ ನಮ್ಮ 62ರಲ್ಲಿ 23 ಜನ ಆಜೀವ ಸದಸ್ಯರಾಗಿದ್ದರು ಅಂತಿಟ್ಟುಕೊಳ್ಳಿ, ಅವರ 46,000 ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇದ್ದರೆ ತಲೆಗೆ ವರ್ಷಕ್ಕೆ 140 ಹುಟ್ಟುತ್ತದೆ. ಹಳೇ ಶುಲ್ಕದ ಅರ್ಧವೂ ಅಲ್ಲ. ಬೇರೆ ಕೆಲವು ಯೂನಿಟ್‌ಗಳಲ್ಲಿ ಹೀಗೆ ಬಂದ ದುಡ್ಡನ್ನು ಸಮ್ಮೇಳನದ ಖರ್ಚಿಗೆ ಎತ್ತಿದ್ದೂ ಉಂಟು, ಅಲ್ಲಿಗೆ ಬಡ್ಡಿಯೂ ಇಲ್ಲ. ಆಜೀವ ಸದಸ್ಯರ ಪಾಲಿನ ಭಾರ ವರ್ಷ ವರ್ಷ ಕಟ್ಟುವವರ ತಲೆಗೆ. ಸುತ್ತೋಲೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಈ ವರ್ಷ 450 ಮಾಡಲಿ, ಮುಂದೆ ವರ್ಷಕ್ಕೆ 50 ಏರಿಸಲಿ. ಏರಿದ್ದರಲ್ಲಿ ಮೂರನೇ ಒಂದು ಪಾಲಾದರೂ ಯೂನಿಟಿಗೆ ಬರಲಿ. ವಸೂಲಿಗೆ ಜೂನ್ ಬೇಡ. ಶಾಲೆ ಶುರುವಾಗುವುದು ಆಗಲೇ, ಮಳೆಗೆ ಲ್ಯಾಬಿಗೆ ಜನ ಬರುವುದೂ ಕಮ್ಮಿ. ಜನವರಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ.

ಇಷ್ಟಕ್ಕೂ ಈ ಏರಿಕೆಗೆ ಮಹಾಸಭೆಯ ಒಪ್ಪಿಗೆ ಇನ್ನೂ ಆಗಿಲ್ಲ. ಸಭೆ ಅಕ್ಟೋಬರ್ ಎರಡನೇ ಭಾನುವಾರ. ನಮ್ಮ ಸಂಘ ಇರುವುದು 1860ರ ಸೊಸೈಟಿ ನೋಂದಣಿ ಕಾಯ್ದೆಯ ಅಡಿಯಲ್ಲಿ. ಅದರ 15ನೇ ಸೆಕ್ಷನ್ ಪ್ರಕಾರ ಮೂರು ತಿಂಗಳಿಗಿಂತ ಜಾಸ್ತಿ ಶುಲ್ಕ ಬಾಕಿ ಇಟ್ಟವರಿಗೆ ಓಟಿಲ್ಲ, ಸದಸ್ಯರೆಂದು ಲೆಕ್ಕಕ್ಕೂ ಇಲ್ಲ. ಜೂನ್ 30ರಿಂದ ಮೂರು ತಿಂಗಳು ಎಣಿಸಿ. ಸಿಟ್ಟಿನಲ್ಲಿ ಕಟ್ಟದೆ ಕೂತವರೆಲ್ಲ ಸಭೆಯ ಹೊತ್ತಿಗೆ ಹೊರಗೆ. ಬೇಕಂತಲೇ ಹೀಗೆ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ.

ಹಾಗಾಗಿ ನಾನು ಬೈದುಕೊಂಡೇ ಸಾವಿರ ಕಟ್ಟಿ ರಶೀದಿ ತೆಗೆದುಕೊಂಡಿದ್ದೇನೆ. ಪೆರ್ಲದ ಹಿರಿಯರಿಗೂ ಫೋನ್ ಮಾಡಿ ಹೇಳಿದೆ. "ಬೇಡ ಅಂತ ಹೇಳ್ಲಿಕ್ಕೂ ಸಾವಿರ ಕೊಡ್ಬೇಕಾ?" ಅಂತ ಕೇಳಿದರು. ಹೌದು, ಈ ಸಲ ಹಾಗೇ. ಮಂಜೇಶ್ವರ, ಕಾಸರಗೋಡು ಕಡೆಯ ಸದಸ್ಯರು ಇದನ್ನು ಓದಿದರೆ ಸೆಪ್ಟೆಂಬರ್ ಮುಗಿಯುವ ಮೊದಲು ಕಟ್ಟಿ, ರಶೀದಿ ಹಿಡಿದುಕೊಂಡು ಸಭೆಗೆ ಬನ್ನಿ.

— ಒಬ್ಬ ಲ್ಯಾಬ್ ಟೆಕ್ನೀಷಿಯನ್, ಬದಿಯಡ್ಕ